ಜಾಹೀರಾತಿನ ಖರ್ಚಿಗೂ ಮಾರಾಟದ ಕೀರ್ದಿಗೂ ತಾಳೆ: ಸರ್ವರ್ ಮೂಲಕ ಲೆಕ್ಕ ಕಳುಹಿಸುವ ಪದ್ಧತಿ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಪರಿಸರದ ವ್ಯಾಪಾರವು ಬಹುಕಾಲದಿಂದ ಕಬ್ಬು, ಬೆಲ್ಲ, ಸಕ್ಕರೆ ಮತ್ತು ನೇಕಾರಿಕೆಯನ್ನು ಆಧರಿಸಿ ಬೆಳೆದುಬಂದಿದೆ. ಬನಹಟ್ಟಿಯ ಸೀರೆಯಾಗಲಿ, ಮಹಾಲಿಂಗಪುರದ ಬೆಲ್ಲವಾಗಲಿ, ಅಡತಿ ಅಂಗಡಿ, ಸಗಟು ವ್ಯಾಪಾರಿ ಹಾಗೂ ಸಂತೆಗಳ ದಾರಿಯಲ್ಲಿಯೇ ಹೊರ ಊರುಗಳನ್ನು ತಲುಪುವುದು ರೂಢಿ. ಆದರೆ ಇತ್ತೀಚಿನ ವರ್ಷಗಳಲ್ಲಿ ಈ ಸರಕಿನ ಒಂದು ಪಾಲು ಮೊಬೈಲ್ ಫೋನಿನ ಪರದೆಯ ಮೂಲಕ ನೇರವಾಗಿ ಬಳಕೆದಾರನ ಮನೆ ಸೇರತೊಡಗಿದೆ. ಸೀರೆಯ ವ್ಯಾಪಾರಸ್ಥರು, ಸಾವಯವ ಬೆಲ್ಲ ಹಾಗೂ ಅರಿಷಿಣಪುಡಿಯನ್ನು ಪೊಟ್ಟಣ ಕಟ್ಟಿ ಮಾರುವವರು, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ತಯಾರಿಸುವ ಸಣ್ಣ ಘಟಕಗಳು, ವಾಹನ ಹಾಗೂ ಪೀಠೋಪಕರಣಗಳ ಮಳಿಗೆಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಜಾಹೀರಾತಿಗೆ ಹಣ ತೊಡಗಿಸುವುದು ಈಗ ಅಪರೂಪದ ಸಂಗತಿಯಲ್ಲ.

ಹೀಗೆ ತೊಡಗಿಸಿದ ಹಣದಿಂದ ಎಷ್ಟು ಮಾರಾಟವಾಯಿತು ಎಂಬ ಸರಳ ಪ್ರಶ್ನೆಗೆ ಖಚಿತ ಉತ್ತರ ದೊರೆಯದಿರುವುದೇ ಇಲ್ಲಿನ ತೊಡಕು. ಜಾಹೀರಾತು ಖಾತೆಯಲ್ಲಿ ಒಂದು ಸಂಖ್ಯೆ, ಅಂಗಡಿಯ ಕೀರ್ದಿಯಲ್ಲಿ ಮತ್ತೊಂದು ಸಂಖ್ಯೆ. ಎರಡರಲ್ಲಿ ಯಾವುದನ್ನು ನಂಬಿ ಮುಂದಿನ ತಿಂಗಳ ಖರ್ಚನ್ನು ನಿರ್ಧರಿಸಬೇಕು ಎಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಲಾಭಾಂಶ ಕಡಿಮೆ ಇರುವ ವ್ಯಾಪಾರದಲ್ಲಿ ಲಾಭ ತರುವ ಜಾಹೀರಾತನ್ನು ನಿಲ್ಲಿಸಿ, ನಷ್ಟ ತರುವುದನ್ನು ಮುಂದುವರಿಸಿದರೆ ದುಡಿಯುವ ಬಂಡವಾಳವೇ ಕರಗಿಹೋಗುತ್ತದೆ. ಈ ಅಂತರವನ್ನು ಕಡಿಮೆ ಮಾಡಲು ರೂಢಿಗೆ ಬಂದಿರುವ ವ್ಯವಸ್ಥೆಯೇ ಸರ್ವರ್ ಮೂಲಕ ಮಾರಾಟದ ವರದಿ ಕಳುಹಿಸುವ ಪದ್ಧತಿ. ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾ ಕಂಪನಿಯು ಇದನ್ನು ‘ಕನ್ವರ್ಷನ್ಸ್ ಎಪಿಐ’ ಎಂದು ಕರೆಯುತ್ತದೆ. ಅದರ ಸ್ವರೂಪ, ಅಳವಡಿಕೆ ಹಾಗೂ ಅದರೊಡನೆ ಬರುವ ಕಾನೂನು ಹೊಣೆಗಾರಿಕೆಗಳನ್ನು ಇಲ್ಲಿ ವಿವರಿಸಲಾಗಿದೆ.

ಬ್ರೌಸರ್‌ನ ವರದಿ ಅಪೂರ್ಣವಾದುದೇಕೆ?

ಜಾಹೀರಾತನ್ನು ನೋಡಿದವನು ಖರೀದಿದಾರನಾಗಿ ಮಾರ್ಪಡುವುದನ್ನು ಜಾಹೀರಾತು ಕ್ಷೇತ್ರದಲ್ಲಿ ‘ಕನ್ವರ್ಷನ್’ ಎನ್ನುತ್ತಾರೆ. ಇದನ್ನು ಎಣಿಸಲು ಬಹುಕಾಲ ಬಳಕೆಯಲ್ಲಿದ್ದ ಸಾಧನವೆಂದರೆ ‘ಪಿಕ್ಸೆಲ್’. ಇದು ವ್ಯಾಪಾರಿಯ ಜಾಲತಾಣದ ಪುಟಗಳಲ್ಲಿ ಸೇರಿಸುವ ಒಂದು ಚಿಕ್ಕ ಸಂಕೇತಭಾಗ. ಗ್ರಾಹಕನು ಪುಟವನ್ನು ತೆರೆದಾಗ, ಸರಕನ್ನು ಬುಟ್ಟಿಗೆ ಹಾಕಿದಾಗ, ಹಣ ಪಾವತಿಸಿ ‘ಧನ್ಯವಾದಗಳು’ ಎಂಬ ಕೊನೆಯ ಪುಟ ಕಂಡಾಗ, ಆತನ ಫೋನಿನಲ್ಲಿರುವ ಬ್ರೌಸರ್ ಆ ಸುದ್ದಿಯನ್ನು ಮೆಟಾಕ್ಕೆ ಮುಟ್ಟಿಸುತ್ತದೆ. ವರದಿ ಮಾಡುವ ಕೆಲಸ ಇಲ್ಲಿ ವ್ಯಾಪಾರಿಯದಲ್ಲ, ಗ್ರಾಹಕನ ಫೋನಿನದು ಎಂಬುದನ್ನು ಗಮನಿಸಬೇಕು.

ಗ್ರಾಹಕನ ಫೋನು ಈಗ ಈ ಕೆಲಸವನ್ನು ಹಿಂದಿನಂತೆ ಮಾಡುತ್ತಿಲ್ಲ. ಆ್ಯಪಲ್ ಕಂಪನಿಯ ಸಫಾರಿ ಬ್ರೌಸರ್ 2017ರಿಂದಲೂ, ಫೈರ್‌ಫಾಕ್ಸ್ 2019ರಿಂದಲೂ ಇಂತಹ ಜಾಡು ಹಿಡಿಯುವಿಕೆಯನ್ನು ತಾವಾಗಿಯೇ ನಿರ್ಬಂಧಿಸುತ್ತಿವೆ. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ತನ್ನ ಐಓಎಸ್ 14.5 ಆವೃತ್ತಿಯ ಮೂಲಕ, ಬಳಕೆದಾರನ ಅನುಮತಿಯಿಲ್ಲದೆ ಯಾವ ಆ್ಯಪ್ ಕೂಡ ಅವನ ಚಟುವಟಿಕೆಗಳನ್ನು ಇತರ ಆ್ಯಪ್ ಹಾಗೂ ಜಾಲತಾಣಗಳಲ್ಲಿ ಹಿಂಬಾಲಿಸಬಾರದೆಂಬ ನಿಯಮವನ್ನು ಜಾರಿಗೆ ತಂದಿತು. ಇದರ ಪೆಟ್ಟು ಎಷ್ಟು ದೊಡ್ಡದಿತ್ತೆಂದರೆ, 2022ರಲ್ಲಿ ತನ್ನ ಆದಾಯಕ್ಕೆ ಸುಮಾರು 1,000 ಕೋಟಿ ಡಾಲರ್‌ಗಳಷ್ಟು ಖೋತಾ ಆಗಬಹುದೆಂದು ಮೆಟಾದ ಅಂದಿನ ಹಣಕಾಸು ಮುಖ್ಯಸ್ಥ ಡೇವಿಡ್ ವೆನರ್ ಅದೇ ವರ್ಷದ ಫೆಬ್ರುವರಿಯಲ್ಲಿ ಅಂದಾಜಿಸಿದ್ದರು. ಜಾಹೀರಾತು ತಡೆಯುವ ಉಪಕರಣಗಳನ್ನು ಬಳಸುವವರೂ ಇದ್ದಾರೆ.

ನಮ್ಮ ದೇಶದಲ್ಲಿ ಇನ್ನೊಂದು ವಿಶೇಷ ಕಾರಣವೂ ಇದೆ. ಗ್ರಾಹಕನು ಹಣ ಪಾವತಿಸಲು ಬ್ರೌಸರ್‌ನಿಂದ ಯುಪಿಐ ಆ್ಯಪ್‌ಗೆ ಹೋಗುತ್ತಾನೆ. ಪಾವತಿ ಯಶಸ್ವಿಯಾದ ಸಂದೇಶ ಅಲ್ಲಿಯೇ ಕಾಣುವುದರಿಂದ ಮರಳಿ ಬ್ರೌಸರ್‌ಗೆ ಬರುವ ಗೋಜಿಗೆ ಅನೇಕರು ಹೋಗುವುದಿಲ್ಲ. ಕೊನೆಯ ಪುಟ ತೆರೆಯದಿದ್ದರೆ ಪಿಕ್ಸೆಲ್ ಸುದ್ದಿ ಮುಟ್ಟಿಸುವುದಿಲ್ಲ. ಹಣ ಬ್ಯಾಂಕಿಗೆ ಜಮೆಯಾಗಿದ್ದರೂ ಜಾಹೀರಾತು ಖಾತೆಯ ಮಟ್ಟಿಗೆ ಆ ಮಾರಾಟ ನಡೆದೇ ಇಲ್ಲ. ಹಳ್ಳಿಗಳಲ್ಲಿ ನೆಟ್‌ವರ್ಕ್ ನಡುವೆಯೇ ಕಡಿದುಹೋಗುವ ಸಂದರ್ಭದಲ್ಲಿಯೂ ಫಲಿತಾಂಶ ಇದೇ.

ಸರ್ವರ್ ಮೂಲಕ ವರದಿ ಎಂದರೇನು?

ಈ ಪದ್ಧತಿಯಲ್ಲಿ ಸುದ್ದಿ ಮುಟ್ಟಿಸುವವನು ಬದಲಾಗುತ್ತಾನೆ. ಆರ್ಡರ್ ದಾಖಲಾಗುವ ವ್ಯಾಪಾರಿಯ ಸ್ವಂತ ಸರ್ವರ್, ಅಂದರೆ ಜಾಲತಾಣ ಅಥವಾ ಬಿಲ್ಲಿಂಗ್ ವ್ಯವಸ್ಥೆ ಇರುವ ಗಣಕಯಂತ್ರ, ನೇರವಾಗಿ ಮೆಟಾದ ಸರ್ವರ್‌ಗೆ ವರದಿ ಕಳುಹಿಸುತ್ತದೆ. ಗ್ರಾಹಕನು ಬ್ರೌಸರ್ ಮುಚ್ಚಿದ್ದರೂ, ಪಾವತಿ ಸಂಸ್ಥೆಯಿಂದ ಹಣ ಬಂದ ಖಾತರಿ ಸರ್ವರ್‌ಗೆ ತಲುಪಿದ ಕೂಡಲೇ ವರದಿ ಹೊರಡುತ್ತದೆ. ಪಿಕ್ಸೆಲ್ ವರದಿಯು ದಾರಿಹೋಕನು ಹೇಳಿಕಳಿಸಿದ ಸುದ್ದಿಯಂತಿದ್ದರೆ, ಸರ್ವರ್ ವರದಿಯು ರೋಜಕೀರ್ದಿಯಿಂದ ತೆಗೆದ ಉತಾರೆಯಂತೆ. ಈ ವ್ಯವಸ್ಥೆಗೆ 2020ರಲ್ಲಿ ಕನ್ವರ್ಷನ್ಸ್ ಎಪಿಐ ಎಂಬ ಇಂದಿನ ಹೆಸರು ಬಂದಿತು. ಮೆಟಾ ಇದಕ್ಕಾಗಿ ಪ್ರತ್ಯೇಕ ಶುಲ್ಕ ವಿಧಿಸುವುದಿಲ್ಲ. ಲಿಂಕ್ಡ್‌ಇನ್, ಪಿಂಟರೆಸ್ಟ್, ಸ್ನ್ಯಾಪ್‌ಚಾಟ್‌ಗಳಲ್ಲಿಯೂ ಇದೇ ಬಗೆಯ ವ್ಯವಸ್ಥೆಗಳಿವೆ.

ಪ್ರತಿ ವರದಿಯಲ್ಲಿ ನಾಲ್ಕು ಬಗೆಯ ವಿವರಗಳಿರುತ್ತವೆ. ಏನು ನಡೆಯಿತು, ಅಂದರೆ ಖರೀದಿ, ವಿಚಾರಣೆ ಇತ್ಯಾದಿ, ಯಾವಾಗ ನಡೆಯಿತು, ಎಲ್ಲಿ ನಡೆಯಿತು, ಅಂದರೆ ಜಾಲತಾಣದಲ್ಲೋ, ಅಂಗಡಿಯಲ್ಲೋ, ದೂರವಾಣಿಯಲ್ಲೋ, ಸಂದೇಶದ ಮೂಲಕವೋ, ಕೊನೆಯದಾಗಿ ಮೊತ್ತ ಮತ್ತು ಗ್ರಾಹಕನ ಗುರುತು. ಗುರುತಿಗಾಗಿ ಮೊಬೈಲ್ ಸಂಖ್ಯೆ ಹಾಗೂ ಇ-ಮೇಲ್ ವಿಳಾಸಗಳನ್ನು ಇದ್ದಂತೆಯೇ ಕಳುಹಿಸದೆ, ಎಸ್‌ಎಚ್‌ಎ-256 ಎಂಬ ಗಣಿತ ವಿಧಾನದಿಂದ 64 ಅಕ್ಷರಾಂಕಗಳ ಒಂದು ಮುದ್ರೆಯಾಗಿ ಪರಿವರ್ತಿಸಿ ಕಳುಹಿಸಲಾಗುತ್ತದೆ. ಮೆಟಾ ತನ್ನಲ್ಲಿರುವ ಬಳಕೆದಾರರ ಸಂಖ್ಯೆಗಳಿಗೂ ಅದೇ ವಿಧಾನವನ್ನು ಅನ್ವಯಿಸಿ, ಎರಡೂ ಮುದ್ರೆಗಳು ಒಂದೇ ಆಗಿದ್ದರೆ ಈ ಖರೀದಿದಾರನೇ ಆ ಜಾಹೀರಾತನ್ನು ಕಂಡವನು ಎಂದು ನಿಶ್ಚಯಿಸುತ್ತದೆ.

ಒಂದು ಲೆಕ್ಕದ ಉದಾಹರಣೆ

ಈ ಪದ್ಧತಿಯ ಪ್ರಯೋಜನವನ್ನು ಅರಿಯಲು ಒಂದು ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸಬಹುದು. ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರು ತಿಂಗಳಿಗೆ ರೂ. 40,000 ಜಾಹೀರಾತಿಗೆ ತೊಡಗಿಸುತ್ತಾರೆಂದು ಭಾವಿಸೋಣ. ಸೀರೆಯ ಸರಾಸರಿ ಬೆಲೆ ರೂ. 2,400. ಒಟ್ಟು ಲಾಭಾಂಶ ಶೇ. 30, ಅಂದರೆ ಸೀರೆಯೊಂದಕ್ಕೆ ರೂ. 720. ಜಾಹೀರಾತುಗಳು ಎರಡು. ಮೊದಲನೆಯದಕ್ಕೆ ರೂ. 15,000 ಖರ್ಚಾಗಿದ್ದು, ಅದರ ಗ್ರಾಹಕರು ಬಹುತೇಕ ಯುಪಿಐ ಮೂಲಕ ಮುಂಗಡ ಪಾವತಿಸುವವರು. ಎರಡನೆಯದಕ್ಕೆ ರೂ. 25,000 ಖರ್ಚಾಗಿದ್ದು, ಅದರ ಗ್ರಾಹಕರು ಕ್ಯಾಶ್ ಆನ್ ಡೆಲಿವರಿ ಕೋರುವವರು.

ಪಿಕ್ಸೆಲ್ ವರದಿಯ ಪ್ರಕಾರ ಮೊದಲನೆಯದರಿಂದ 15, ಎರಡನೆಯದರಿಂದ 25 ಆರ್ಡರ್‌ಗಳು ಬಂದಿವೆ. ಎರಡರಲ್ಲಿಯೂ ಆರ್ಡರ್ ಒಂದಕ್ಕೆ ತಗಲಿದ ವೆಚ್ಚ ರೂ. 1,000. ಲಾಭಾಂಶ ರೂ. 720 ಮಾತ್ರ ಇರುವುದರಿಂದ ಎರಡೂ ಸಮಾನ ನಷ್ಟದವು ಎಂದು ತೋರುತ್ತದೆ. 40 ಆರ್ಡರ್‌ಗಳ ಲಾಭಾಂಶ ರೂ. 28,800, ಖರ್ಚು ರೂ. 40,000, ನಷ್ಟ ರೂ. 11,200. ಈ ಲೆಕ್ಕವನ್ನು ನಂಬಿದವರು ಎರಡೂ ಜಾಹೀರಾತುಗಳನ್ನು ನಿಲ್ಲಿಸುವುದು ಸಹಜ.

ಕೀರ್ದಿಯ ಆಧಾರದ ಮೇಲೆ ಸರ್ವರ್ ವರದಿ ಮಾಡಿದಾಗ ಚಿತ್ರ ಬೇರೆಯಾಗುತ್ತದೆ. ಮೊದಲನೆಯ ಜಾಹೀರಾತಿನಿಂದ ವಾಸ್ತವದಲ್ಲಿ 30 ಆರ್ಡರ್‌ಗಳು ಬಂದಿದ್ದು, ಯುಪಿಐ ಪಾವತಿಯ ನಂತರ ಮರಳಿ ಬಾರದ 15 ಮಂದಿ ಪಿಕ್ಸೆಲ್‌ನ ಎಣಿಕೆಗೆ ಸಿಕ್ಕಿರಲಿಲ್ಲ. ಲಾಭಾಂಶ ರೂ. 21,600, ಖರ್ಚು ರೂ. 15,000, ಉಳಿಕೆ ರೂ. 6,600. ಎರಡನೆಯದರಿಂದ 28 ಆರ್ಡರ್‌ಗಳು ಬಂದು, 8 ಪಾರ್ಸಲ್‌ಗಳು ಸ್ವೀಕಾರವಾಗದೆ ಮರಳಿವೆ. ಉಳಿದ 20 ಸೀರೆಗಳ ಲಾಭಾಂಶ ರೂ. 14,400, ಖರ್ಚು ರೂ. 25,000, ಮರಳಿದ ಪಾರ್ಸಲ್‌ಗಳ ಕೊರಿಯರ್ ವೆಚ್ಚ ತಲಾ ರೂ. 150ರಂತೆ ರೂ. 1,200, ನಿವ್ವಳ ನಷ್ಟ ರೂ. 11,800. ನಿಲ್ಲಿಸಬೇಕಾದುದು ಎರಡನೆಯದನ್ನು ಮಾತ್ರ, ಮೊದಲನೆಯದನ್ನು ಬೆಳೆಸಬೇಕು. ಎರಡನ್ನೂ ನಿಲ್ಲಿಸಿದ್ದರೆ ತಿಂಗಳಿಗೆ 30 ಸೀರೆಗಳ ಲಾಭದಾಯಕ ಮಾರುಕಟ್ಟೆಯನ್ನೇ ಕೈಬಿಟ್ಟಂತಾಗುತ್ತಿತ್ತು. ಅದರ ಪರಿಣಾಮ ವ್ಯಾಪಾರಿಯ ಗಲ್ಲೆಗೆ ಮಾತ್ರವಲ್ಲ, ಆ ಸೀರೆಗಳನ್ನು ನೇಯುವ ಮಗ್ಗಗಳಿಗೂ ತಟ್ಟುತ್ತದೆ.

ಇನ್ನೊಂದು ಅಂಶವೂ ಇದೆ. ಜಾಹೀರಾತನ್ನು ಯಾರಿಗೆ ತೋರಿಸಬೇಕೆಂಬುದನ್ನು ಮೆಟಾದ ಯಂತ್ರವು ತನಗೆ ಬಂದ ವರದಿಗಳಿಂದಲೇ ಕಲಿಯುತ್ತದೆ. ಯುಪಿಐ ಗ್ರಾಹಕರ ಸುದ್ದಿಯೇ ತಲುಪದಿದ್ದರೆ ಅಂಥವರನ್ನು ಹುಡುಕುವುದನ್ನು ಅದು ಬಿಟ್ಟುಬಿಡುತ್ತದೆ. ಹೀಗೆ ತಪ್ಪು ವರದಿಯು ಕೇವಲ ತಪ್ಪು ಲೆಕ್ಕವಾಗಿ ಉಳಿಯದೆ, ಮುಂದಿನ ಖರ್ಚನ್ನೂ ತಪ್ಪು ದಾರಿಗೆ ಎಳೆಯುತ್ತದೆ.

ಅಳವಡಿಕೆಯ ಹಂತಗಳು

1. ಒಡೆತನ: ಜಾಹೀರಾತು ಖಾತೆ, ಪಿಕ್ಸೆಲ್ ಹಾಗೂ ಅದರ ದತ್ತಾಂಶ ಸಂಗ್ರಹ ವ್ಯಾಪಾರಿಯ ಸ್ವಂತ ಬಿಸಿನೆಸ್ ಖಾತೆಯಲ್ಲಿಯೇ ಇರತಕ್ಕದ್ದು. ಜಾಹೀರಾತು ಏಜೆನ್ಸಿಯವರಿಗೆ ಅಗತ್ಯವಿರುವಷ್ಟು ಅಧಿಕಾರವನ್ನು ಮಾತ್ರ ನೀಡಬೇಕು. ಏಜೆನ್ಸಿಯ ಹೆಸರಿನಲ್ಲಿ ಖಾತೆ ತೆರೆದರೆ, ಏಜೆನ್ಸಿ ಬದಲಾಯಿಸಿದ ದಿನ ವರ್ಷಗಳ ದಾಖಲೆ ಕೈತಪ್ಪುತ್ತದೆ.

2. ವರದಿಯ ವಿಷಯ: ಯಾವ ಘಟನೆಗಳನ್ನು ವರದಿ ಮಾಡಬೇಕೆಂದು ಮೊದಲೇ ನಿರ್ಧರಿಸಬೇಕು. ಜಾಹೀರಾತಿನ ಗುಂಪೊಂದು ಸ್ಥಿರ ಫಲಿತಾಂಶ ನೀಡಲು ವಾರಕ್ಕೆ ಸುಮಾರು 50 ಘಟನೆಗಳು ಬೇಕೆಂದು ಮೆಟಾ ಹೇಳುತ್ತದೆ. ವಾರಕ್ಕೆ ಐದಾರು ಖರೀದಿಗಳಷ್ಟೇ ಇರುವವರು ಹತ್ತಾರು ಜಾಹೀರಾತುಗಳಾಗಿ ಹಣ ಹಂಚದೆ ಒಂದೆರಡಕ್ಕೆ ಸೀಮಿತಗೊಳಿಸುವುದು, ಅಥವಾ ಖರೀದಿಗಿಂತ ಹಿಂದಿನ ಹಂತವಾದ ವಿಚಾರಣೆಯನ್ನು ಗುರಿಯಾಗಿ ಇಟ್ಟುಕೊಳ್ಳುವುದು ಲೇಸು.

3. ಸಂಪರ್ಕದ ವಿಧಾನ: ಶಾಪಿಫೈ, ವೂಕಾಮರ್ಸ್ ಮುಂತಾದ ಸಿದ್ಧ ವೇದಿಕೆಗಳಲ್ಲಿ ಅಂಗಡಿ ತೆರೆದವರು ಅವುಗಳಲ್ಲಿರುವ ಮೆಟಾ ಜೋಡಣೆಯನ್ನೇ ಬಳಸಬಹುದು, ಇದಕ್ಕೆ ಪ್ರೋಗ್ರಾಮರ್ ಬೇಕಿಲ್ಲ. ಪ್ರತ್ಯೇಕವಾಗಿ ಜಾಲತಾಣ ಕಟ್ಟಿಸಿಕೊಂಡವರು ಅದನ್ನು ಕಟ್ಟಿದವರಿಂದಲೇ ಸರ್ವರ್ ಸಂಪರ್ಕ ಮಾಡಿಸಬೇಕು. ಗೂಗಲ್ ಟ್ಯಾಗ್ ಮ್ಯಾನೇಜರ್‌ನ ಸರ್ವರ್ ಆವೃತ್ತಿ ಹಾಗೂ ಮೆಟಾದ ಗೇಟ್‌ವೇ ವ್ಯವಸ್ಥೆಗಳೂ ಇವೆ. ಆದರೆ ಅವುಗಳಿಗೆ ಕ್ಲೌಡ್ ಸರ್ವರ್‌ನ ಬಾಡಿಗೆ ತಗಲುವುದರಿಂದ ಸಣ್ಣ ವಹಿವಾಟಿನವರು ಖರ್ಚನ್ನು ತೂಗಿ ನೋಡಬೇಕು.

4. ಗುಪ್ತ ಕೀಲಿ: ಮೆಟಾಕ್ಕೆ ವರದಿ ಕಳುಹಿಸಲು ‘ಆ್ಯಕ್ಸೆಸ್ ಟೋಕನ್’ ಎಂಬ ಕೀಲಿ ಬೇಕಾಗುತ್ತದೆ. ಜಿಎಸ್‌ಟಿ ಹಾಗೂ ಆದಾಯ ತೆರಿಗೆಯ ಕೆಲಸಕ್ಕೆ ಬಳಸುವ ಡಿಜಿಟಲ್ ಸಹಿಯಷ್ಟೇ ಜತನದಿಂದ ಇದನ್ನು ಕಾಯಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವುದು ಸಲ್ಲದು.

5. ಮಾಹಿತಿಯ ಶುದ್ಧತೆ: ಮುದ್ರೆಯಾಗಿ ಪರಿವರ್ತಿಸುವ ಮುನ್ನ ಮೊಬೈಲ್ ಸಂಖ್ಯೆಯಿಂದ ಖಾಲಿ ಜಾಗ, ಅಡ್ಡಗೆರೆ, ಕೂಡು ಚಿಹ್ನೆ ಹಾಗೂ ಆರಂಭದ ಸೊನ್ನೆಗಳನ್ನು ತೆಗೆದು, 91 ಎಂಬ ದೇಶಸಂಖ್ಯೆಯನ್ನು ಸೇರಿಸಬೇಕು. ಇ-ಮೇಲ್ ವಿಳಾಸವನ್ನು ಸಣ್ಣ ಅಕ್ಷರಗಳಿಗೆ ಬದಲಾಯಿಸಬೇಕು. ಒಂದು ಅಂಕಿ ಹೆಚ್ಚುಕಡಿಮೆಯಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ಒಂದೇ ಕಾಲಮಿನಲ್ಲಿ ಎರಡು ಸಂಖ್ಯೆ ಬರೆಯುವ ನಮ್ಮ ಅಂಗಡಿಗಳ ರೂಢಿಯನ್ನು ಇಲ್ಲಿ ಬಿಡಬೇಕಾಗುತ್ತದೆ. ಜಾಹೀರಾತನ್ನು ಒತ್ತಿದಾಗ ಜಾಲತಾಣದ ವಿಳಾಸದೊಡನೆ ಬರುವ ಕ್ಲಿಕ್ ಗುರುತನ್ನು ಆರ್ಡರ್ ದಾಖಲೆಯೊಡನೆ ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಈ ಗುರುತಿಗೆ ಮುದ್ರೆ ಅಗತ್ಯವಿಲ್ಲ.

6. ಎರಡು ಬಾರಿ ಎಣಿಕೆಯಾಗದಂತೆ ಎಚ್ಚರ: ಪಿಕ್ಸೆಲ್ ಹಾಗೂ ಸರ್ವರ್ ಎರಡನ್ನೂ ಒಟ್ಟಿಗೆ ಬಳಸಬೇಕೆಂಬುದು ಮೆಟಾದ ಸಲಹೆ. ಆದರೆ ಒಂದೇ ಮಾರಾಟವನ್ನು ಇಬ್ಬರೂ ವರದಿ ಮಾಡಿದರೆ ಅದು ಎರಡಾಗಿ ಎಣಿಕೆಯಾದೀತು. ಇದನ್ನು ತಪ್ಪಿಸಲು ಎರಡೂ ವರದಿಗಳಲ್ಲಿ ಘಟನೆಯ ಹೆಸರು ಮತ್ತು ‘ಈವೆಂಟ್ ಐಡಿ’ ಒಂದೇ ಆಗಿರಬೇಕು. ಬಿಲ್ಲಿನ ಅಸಲು ಪ್ರತಿಗೂ ನಕಲು ಪ್ರತಿಗೂ ಒಂದೇ ಕ್ರಮಸಂಖ್ಯೆ ಇದ್ದಂತೆ ಇದು. 48 ಗಂಟೆಗಳ ಒಳಗೆ ಬಂದ ಇಂತಹ ಜೋಡಿ ವರದಿಗಳಲ್ಲಿ ಒಂದನ್ನು ಮೆಟಾ ಕೈಬಿಡುತ್ತದೆ. ಆರ್ಡರ್ ಸಂಖ್ಯೆಯನ್ನೇ ಈವೆಂಟ್ ಐಡಿಯಾಗಿ ಬಳಸಿದರೆ ಮುಂದೆ ತಾಳೆ ನೋಡುವುದೂ ಸುಲಭ.

7. ಪರೀಕ್ಷೆ: ‘ಈವೆಂಟ್ಸ್ ಮ್ಯಾನೇಜರ್’ ಪುಟದಲ್ಲಿರುವ ಪರೀಕ್ಷಾ ವಿಭಾಗದಲ್ಲಿ ಒಂದೆರಡು ಆರ್ಡರ್ ಮಾಡಿ ವರದಿ ಸರಿಯಾಗಿ ಬರುತ್ತಿದೆಯೇ ಎಂದು ನೋಡಬೇಕು. ಗುರುತುಗಳು ಎಷ್ಟರಮಟ್ಟಿಗೆ ಹೊಂದುತ್ತಿವೆ ಎಂಬುದಕ್ಕೆ ಮೆಟಾ 10ಕ್ಕೆ ಇಷ್ಟು ಎಂದು ಅಂಕ ನೀಡುತ್ತದೆ. ಅಂಕ ಕಡಿಮೆ ಇದ್ದರೆ ಐದನೆಯ ಹಂತವನ್ನು ಪುನಃ ಪರಿಶೀಲಿಸಬೇಕು.

8. ಮಾಸಿಕ ತಾಳೆಪಟ್ಟಿ: ಬ್ಯಾಂಕ್ ಪಾಸ್‌ಬುಕ್ಕಿಗೂ ನಗದು ಪುಸ್ತಕಕ್ಕೂ ತಾಳೆಪಟ್ಟಿ ತಯಾರಿಸುವಂತೆಯೇ, ತಿಂಗಳ ಕೊನೆಯಲ್ಲಿ ಜಾಹೀರಾತು ಖಾತೆಯ ಮಾರಾಟಕ್ಕೂ ಕೀರ್ದಿಯ ಮಾರಾಟಕ್ಕೂ ತಾಳೆಪಟ್ಟಿ ಮಾಡಬೇಕು. ಹಳೆಯ ಗ್ರಾಹಕರ ನೇರ ಖರೀದಿ, ರದ್ದಾದ ಆರ್ಡರ್, ಮರಳಿದ ಸರಕು, ತಿಂಗಳ ಕೊನೆಯಲ್ಲಿ ಒತ್ತಿ ಮುಂದಿನ ತಿಂಗಳು ಕೊಂಡವರು — ಇವುಗಳನ್ನು ಬೇರ್ಪಡಿಸಿದರೆ ವ್ಯತ್ಯಾಸದ ಬಹುಪಾಲು ತಿಳಿಯಾಗುತ್ತದೆ.

ಕ್ಯಾಶ್ ಆನ್ ಡೆಲಿವರಿಯ ತೊಡಕು

ಮುಂಗಡ ಪಾವತಿಯ ಆರ್ಡರ್‌ಗಳಲ್ಲಿ ಹಣ ಬಂದ ಕ್ಷಣವೇ ಖರೀದಿಯ ವರದಿ ಕಳುಹಿಸಬಹುದು. ಸರಕು ತಲುಪಿದ ಮೇಲೆ ಹಣ ಕೊಡುವ ಆರ್ಡರ್‌ಗಳಲ್ಲಿ ಮಾತ್ರ ಯೋಚನೆ ಬೇಕು. ಆರ್ಡರ್ ಬಂದ ಕೂಡಲೇ ಖರೀದಿ ಎಂದು ವರದಿ ಮಾಡಿದರೆ, ಪಾರ್ಸಲ್ ನಿರಾಕರಿಸುವ ಗ್ರಾಹಕರೂ ಒಳ್ಳೆಯ ಗ್ರಾಹಕರೆಂದೇ ಯಂತ್ರವು ತಿಳಿದು ಅಂಥವರನ್ನೇ ಮತ್ತಷ್ಟು ಹುಡುಕಿ ತರುತ್ತದೆ. ಹಣ ಕೈಸೇರುವವರೆಗೆ ಕಾದರೆ ಮತ್ತೊಂದು ಅಡಚಣೆ: ಜಾಲತಾಣದ ಘಟನೆಯು ನಡೆದು 7 ದಿನಗಳೊಳಗೆ ವರದಿಯಾಗಬೇಕು. ಅಲ್ಲದೆ, ಜಾಹೀರಾತನ್ನು ಒತ್ತಿದ 7 ದಿನಗಳೊಳಗಿನ ಖರೀದಿಯನ್ನು ಮಾತ್ರ ಆ ಜಾಹೀರಾತಿನ ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯ ಏರ್ಪಾಡು. ದೂರದ ಊರಿಗೆ ಪಾರ್ಸಲ್ ತಲುಪಿ ಹಣ ಬರುವಷ್ಟರಲ್ಲಿ ಈ ಅವಧಿ ಮೀರಬಹುದು.

ಇದಕ್ಕೆ ಮಧ್ಯಮ ಮಾರ್ಗವೊಂದಿದೆ. ಆರ್ಡರ್ ಬಂದ ದಿನವೇ ಗ್ರಾಹಕನಿಗೆ ದೂರವಾಣಿ ಅಥವಾ ವಾಟ್ಸ್‌ಆ್ಯಪ್ ಮೂಲಕ ಖಾತ್ರಿ ಕೇಳಿ, ಖಾತ್ರಿಯಾದ ಆರ್ಡರನ್ನು ಮಾತ್ರ ಖರೀದಿಯೆಂದು ವರದಿ ಮಾಡುವುದು. ಹಣ ಕೈಸೇರಿದಾಗ ‘ತಲುಪಿದೆ’ ಎಂಬ ಪ್ರತ್ಯೇಕ ಹೆಸರಿನ ಎರಡನೆಯ ಘಟನೆಯನ್ನು ಕಳುಹಿಸುವುದು. ಮೊದಲನೆಯದು ಯಂತ್ರಕ್ಕೆ ದಾರಿ ತೋರಿಸುತ್ತದೆ. ಎರಡನೆಯದು ವ್ಯಾಪಾರಿಗೆ ನಿಜವಾದ ಲೆಕ್ಕ ನೀಡುತ್ತದೆ.

ಜಾಲತಾಣ ಇಲ್ಲದವರಿಗೆ

ಈ ಭಾಗದ ಅನೇಕರಿಗೆ ಜಾಲತಾಣವಿಲ್ಲ. ಜಾಹೀರಾತನ್ನು ಒತ್ತಿದರೆ ನೇರವಾಗಿ ವಾಟ್ಸ್‌ಆ್ಯಪ್ ತೆರೆದುಕೊಳ್ಳುತ್ತದೆ. ಮಾತುಕತೆ, ಬೆಲೆ, ಪಾವತಿ ಎಲ್ಲವೂ ಅಲ್ಲಿಯೇ. ಇಂತಹ ಜಾಹೀರಾತಿನಲ್ಲಿ ಮೆಟಾ ಎಣಿಸುವುದು ಆರಂಭವಾದ ಮಾತುಕತೆಗಳನ್ನು. ಅವುಗಳಲ್ಲಿ ಎಷ್ಟು ವ್ಯಾಪಾರವಾದವು ಎಂಬುದು ಅದಕ್ಕೆ ತಾನಾಗಿ ತಿಳಿಯದು. ‘ರೇಟು ಎಷ್ಟು’ ಎಂದು ಕೇಳಿ ಸುಮ್ಮನಾದವನೂ, ಹತ್ತು ಸೀರೆ ಕೊಂಡವನೂ ಅದರ ದೃಷ್ಟಿಯಲ್ಲಿ ಸಮಾನರು. ವಾಟ್ಸ್‌ಆ್ಯಪ್‌ನ ಬಿಸಿನೆಸ್ ಪ್ಲಾಟ್‌ಫಾರ್ಮ್ ಸೇವೆಯನ್ನು ಪಡೆದವರಿಗೆ ಜಾಹೀರಾತಿನಿಂದ ಬಂದ ಗ್ರಾಹಕನ ಮೊದಲ ಸಂದೇಶದೊಡನೆ ಒಂದು ಕ್ಲಿಕ್ ಗುರುತು ದೊರೆಯುತ್ತದೆ. ಮಾರಾಟವಾದಾಗ ಆ ಗುರುತಿನೊಡನೆ ವರದಿ ಮಾಡಿದರೆ ಲೆಕ್ಕ ಪೂರ್ಣವಾಗುತ್ತದೆ.

ಮಳಿಗೆಗೆ ಬಂದು ಕೊಳ್ಳುವ ಗ್ರಾಹಕರ ವಿಷಯದಲ್ಲಿಯೂ ಇದೇ ಮಾರ್ಗವಿದೆ. ಜಮಖಂಡಿ ಅಥವಾ ಮುಧೋಳದ ವಾಹನ ಮಳಿಗೆಯಲ್ಲಿ ಜಾಹೀರಾತು ನೋಡಿದವನು ಮೂರು ವಾರ ಯೋಚಿಸಿ, ಮನೆಯವರನ್ನು ಕರೆತಂದು ಖರೀದಿಸುವುದುಂಟು. ಭೌತಿಕ ಅಂಗಡಿಯ ಮಾರಾಟವನ್ನು 62 ದಿನಗಳವರೆಗೂ ವರದಿ ಮಾಡಲು ಅವಕಾಶವಿದೆ. ಬಿಲ್ಲಿನಲ್ಲಿ ಗ್ರಾಹಕನ ಮೊಬೈಲ್ ಸಂಖ್ಯೆಯನ್ನು ಆತನ ಒಪ್ಪಿಗೆಯೊಡನೆ ಬರೆದುಕೊಂಡಿದ್ದರೆ, ಆ ಪಟ್ಟಿಯನ್ನು ಈವೆಂಟ್ಸ್ ಮ್ಯಾನೇಜರ್‌ಗೆ ನೇರವಾಗಿ ಏರಿಸಬಹುದು. ಮೆಟಾದಲ್ಲಿ ಅಂಗಡಿ ಮಾರಾಟಕ್ಕೆಂದೇ ಇದ್ದ ಹಿಂದಿನ ಪ್ರತ್ಯೇಕ ಎಪಿಐ 2025ರಲ್ಲಿ ರದ್ದಾಗಿ, ಆ ಕೆಲಸವೂ ಕನ್ವರ್ಷನ್ಸ್ ಎಪಿಐ ವ್ಯಾಪ್ತಿಗೆ ಸೇರಿದೆ. ಆದ್ದರಿಂದ ಹಳೆಯ ತಂತ್ರಾಂಶ ಬಳಸುತ್ತಿದ್ದವರು ಅದನ್ನು ಬದಲಾಯಿಸಿಕೊಂಡಿರಬೇಕು.

ಗ್ರಾಹಕನ ಮಾಹಿತಿ, ವ್ಯಾಪಾರಿಯ ಹೊಣೆ

ಸರ್ವರ್ ಪದ್ಧತಿಯಿಂದ ಗ್ರಾಹಕನ ಒಪ್ಪಿಗೆಯ ಪ್ರಶ್ನೆಯನ್ನು ದಾಟಿಹೋಗಬಹುದೆಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ವಾಸ್ತವದಲ್ಲಿ ಹೊಣೆ ಇನ್ನಷ್ಟು ಹೆಚ್ಚುತ್ತದೆ. ಏಕೆಂದರೆ ಇಲ್ಲಿ ಮಾಹಿತಿಯನ್ನು ಕಳುಹಿಸುವವನು ಸ್ವತಃ ವ್ಯಾಪಾರಿ. ಮುದ್ರೆಯಾಗಿ ಪರಿವರ್ತಿಸಿದರೂ ಅದರ ಉದ್ದೇಶ ವ್ಯಕ್ತಿಯನ್ನು ಗುರುತಿಸುವುದೇ ಆಗಿರುವುದರಿಂದ, ಅದು ವೈಯಕ್ತಿಕ ಮಾಹಿತಿಯಲ್ಲ ಎಂದು ವಾದಿಸುವುದು ಕಷ್ಟ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ಕ್ಕೆ ಆ ವರ್ಷದ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಿ, ಮಾಹಿತಿ ಸಂಗ್ರಹಿಸುವವರ ಪ್ರಮುಖ ಹೊಣೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುವಂತೆ ನಿಗದಿಪಡಿಸಲಾಗಿದೆ. ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ಸ್ಪಷ್ಟವೂ ಆಗಿರಬೇಕು. ಯಾವ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಬಳಸಲಾಗುವುದೆಂದು ಮೊದಲೇ ತಿಳಿಸಬೇಕು. ಈ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಗ್ರಾಹಕನಿಗೆ ಇರಬೇಕು, ಕನ್ನಡವೂ ಅವುಗಳಲ್ಲೊಂದು. 18 ವರ್ಷಕ್ಕಿಂತ ಕಡಿಮೆ ವಯಸ್ಸಿನವರನ್ನು ಗುರಿಯಾಗಿಸಿದ ಜಾಹೀರಾತು ಹಾಗೂ ಅವರ ನಡವಳಿಕೆಯ ಜಾಡು ಹಿಡಿಯುವುದನ್ನು ಅಧಿನಿಯಮವು ನಿಷೇಧಿಸುತ್ತದೆ. ಸೂಕ್ತ ಭದ್ರತೆ ವಹಿಸದೆ ಮಾಹಿತಿ ಸೋರಿಕೆಯಾದರೆ ದಂಡದ ಗರಿಷ್ಠ ಮಿತಿ ರೂ. 250 ಕೋಟಿ. ಗಡುವಿಗಾಗಿ ಕಾಯದೆ, ಆರ್ಡರ್ ಪುಟದಲ್ಲಿಯೂ ಬಿಲ್ಲು ಕೌಂಟರಿನಲ್ಲಿಯೂ ಸರಳ ಕನ್ನಡದಲ್ಲಿ ಸೂಚನೆ ಹಾಕಿ, ಒಪ್ಪದವರ ವಿವರವನ್ನು ವರದಿಯಿಂದ ಕೈಬಿಡುವ ಏರ್ಪಾಡನ್ನು ಈಗಲೇ ಮಾಡಿಕೊಳ್ಳುವುದು ವಿವೇಕ.

ತೆರಿಗೆಯ ದೃಷ್ಟಿಯಿಂದ

ಜಾಹೀರಾತು ಸೇವೆಗೆ ಶೇ. 18ರ ಜಿಎಸ್‌ಟಿ ಅನ್ವಯವಾಗುತ್ತದೆ. ಮೇಲಿನ ಉದಾಹರಣೆಯ ರೂ. 40,000ಕ್ಕೆ ತೆರಿಗೆ ರೂ. 7,200. ಜಾಹೀರಾತು ಖಾತೆಯಲ್ಲಿ ಜಿಎಸ್‌ಟಿ ಸಂಖ್ಯೆ ನಮೂದಿಸದಿದ್ದರೆ ಈ ಮೊತ್ತ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸದೆ, ಹೂಡುವಳಿ ತೆರಿಗೆ ಜಮೆ ಕೈತಪ್ಪುತ್ತದೆ. ಖಾತೆಯು ಮಾಲೀಕರ ಮಗನ ಅಥವಾ ಏಜೆನ್ಸಿಯ ಹೆಸರಿನಲ್ಲಿದ್ದರೂ ಇದೇ ತೊಂದರೆ. ರಾಜಿ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಈ ಜಮೆ ದೊರೆಯದು. ಅವರು ಜಾಹೀರಾತಿನ ವೆಚ್ಚವನ್ನು ತೆರಿಗೆ ಸಹಿತವಾಗಿಯೇ ಲೆಕ್ಕ ಹಾಕಬೇಕು.

ಗಡಿಗೆ ಹತ್ತಿರವಿರುವ ಈ ತಾಲೂಕುಗಳ ವ್ಯಾಪಾರಸ್ಥರು ಇನ್ನೊಂದನ್ನು ಮರೆಯಬಾರದು. ರಾಜಿ ಪದ್ಧತಿಯವರು ಅಂತರರಾಜ್ಯ ಮಾರಾಟ ಮಾಡುವಂತಿಲ್ಲ. ಜಾಹೀರಾತಿಗೆ ರಾಜ್ಯದ ಗಡಿ ತಿಳಿಯದು. ಸಾಂಗಲಿ, ಕೊಲ್ಹಾಪುರ, ಸೋಲಾಪುರಗಳಿಂದ ಆರ್ಡರ್ ಬಂದು ಸರಕು ಕಳುಹಿಸಿದರೆ ರಾಜಿ ಪದ್ಧತಿಯ ಅರ್ಹತೆಯೇ ಹೋಗುತ್ತದೆ. ಆದ್ದರಿಂದ ಅಂಥವರು ಜಾಹೀರಾತಿನ ವ್ಯಾಪ್ತಿಯನ್ನು ಕರ್ನಾಟಕಕ್ಕೆ ಸೀಮಿತಗೊಳಿಸಬೇಕು, ಇಲ್ಲವೆ ಸಾಮಾನ್ಯ ನೋಂದಣಿಗೆ ಬದಲಾಗಬೇಕು. ವಿದೇಶಿ ಸಂಸ್ಥೆಗಳಿಗೆ ನೀಡುವ ಆನ್‌ಲೈನ್ ಜಾಹೀರಾತು ಹಣದ ಮೇಲೆ 2016ರಿಂದ ಇದ್ದ ಶೇ. 6ರ ಸಮೀಕರಣ ಶುಲ್ಕವು 2025ರ ಏಪ್ರಿಲ್ 1ರಿಂದ ರದ್ದಾಗಿದೆ. ಏಜೆನ್ಸಿಗೆ ನೀಡುವ ಹಣದ ಮೇಲೆ ಮೂಲದಲ್ಲಿ ತೆರಿಗೆ ಕಡಿತದ ಬಾಧ್ಯತೆ ಇದೆಯೇ ಎಂಬುದನ್ನು ತಮ್ಮ ತೆರಿಗೆ ಸಲಹೆಗಾರರಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ಮಿತಿಗಳು ಮತ್ತು ಆಯ್ಕೆ

ಸರ್ವರ್ ವರದಿಯಿಂದಲೂ ಲೆಕ್ಕ ನೂರಕ್ಕೆ ನೂರು ಹೊಂದುವುದಿಲ್ಲ. ಗ್ರಾಹಕನು ಫೇಸ್‌ಬುಕ್ಕಿಗೆ ಒಂದು ಸಂಖ್ಯೆ, ಅಂಗಡಿಗೆ ಮತ್ತೊಂದು ಸಂಖ್ಯೆ ಕೊಟ್ಟಿದ್ದರೆ ಗುರುತು ಸಿಗದು. ಜಾಹೀರಾತು ಇಲ್ಲದಿದ್ದರೂ ಬರುತ್ತಿದ್ದ ಹಳೆಯ ಗ್ರಾಹಕನ ಖರೀದಿಯನ್ನೂ ಮೆಟಾ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದುಂಟು. ವರ್ಷಕ್ಕೊಮ್ಮೆ ಹಬ್ಬ ಮತ್ತು ಲಗ್ನಸರಾಯಿ ಇಲ್ಲದ ಅವಧಿಯಲ್ಲಿ, ಒಂದು ಜಿಲ್ಲೆಯ ಮಟ್ಟಿಗೆ ಹದಿನೈದು ದಿನ ಜಾಹೀರಾತು ನಿಲ್ಲಿಸಿ, ಅಲ್ಲಿನ ಮಾರಾಟ ಎಷ್ಟು ಇಳಿಯಿತೆಂದು ನೋಡುವುದು ಇದಕ್ಕೆ ಸುಲಭ ಪರೀಕ್ಷೆ.

ಎಲ್ಲರಿಗೂ ಈ ವ್ಯವಸ್ಥೆ ಬೇಕೆಂದೇನೂ ಇಲ್ಲ. ಕೃಷಿ ಮಾರುಕಟ್ಟೆಯಲ್ಲಿ ಸಗಟು ಬೆಲ್ಲ ಮಾರುವವರಿಗೆ, ಸಕ್ಕರೆ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವ ಸಣ್ಣ ಉದ್ದಿಮೆದಾರರಿಗೆ, ತಿಂಗಳಿಗೆ ಒಂದೆರಡು ಸಾವಿರ ರೂಪಾಯಿಯ ಜಾಹೀರಾತು ನೀಡುವವರಿಗೆ ಅಚ್ಚುಕಟ್ಟಾದ ಕೀರ್ದಿಯೇ ಸಾಕು. ‘ನಮ್ಮ ಅಂಗಡಿ ಹೇಗೆ ತಿಳಿಯಿತು’ ಎಂದು ಗ್ರಾಹಕನನ್ನು ಕೇಳಿ ಬರೆದುಕೊಳ್ಳುವುದರಿಂದಲೇ ಅವರ ಉದ್ದೇಶ ನೆರವೇರುತ್ತದೆ. ಆದರೆ ಬಳಕೆದಾರರಿಗೆ ನೇರವಾಗಿ ಮಾರುವ ಸೀರೆ, ಆಹಾರ ಪದಾರ್ಥ ಹಾಗೂ ಗೃಹೋಪಯೋಗಿ ವಸ್ತುಗಳ ವ್ಯಾಪಾರದಲ್ಲಿ, ಜಾಹೀರಾತಿನ ವೆಚ್ಚವು ಅಂಗಡಿಯ ಬಾಡಿಗೆ ಅಥವಾ ಒಬ್ಬ ನೌಕರನ ಪಗಾರದಷ್ಟಾದ ದಿನ ಅದರ ಲೆಕ್ಕವನ್ನು ಅಂದಾಜಿಗೆ ಬಿಡಲಾಗದು. ಬರುವ ತಿಂಗಳ ಜಾಹೀರಾತಿಗೆ ಹಣ ತುಂಬುವ ಮುನ್ನ, ಕಳೆದ ತಿಂಗಳ ಜಾಹೀರಾತು ಖಾತೆಯ ವರದಿ ಹಾಗೂ ಕೀರ್ದಿಯ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ತಾಳೆಪಟ್ಟಿ ಬರೆದು ನೋಡಲಿ. ಅದರಲ್ಲಿ ಕಾಣುವ ಅಂತರವೇ ಈ ವ್ಯವಸ್ಥೆ ತಮಗೆ ಬೇಕೇ ಬೇಡವೇ ಎಂಬುದನ್ನು ತಿಳಿಸುತ್ತದೆ.